ಸೇಲಂ, ಧರ್ಮಪುರಿ ಕೆರೆಗಳ ಚಳಿಗಾಲದ ಅತಿಥಿಗಳು

ಸೇಲಂ, ಧರ್ಮಪುರಿ ಜಿಲ್ಲೆಗಳ ಕೆರೆಗಳು ಎಂದೂ ಹೆಪ್ಪುಗಟ್ಟುವುದಿಲ್ಲ. ಉತ್ತರ ಏಷ್ಯಾದ ಸರೋವರಗಳು ಮಂಜುಗಟ್ಟುವ ಹೊತ್ತಿಗೆ ಅಲ್ಲಿನ ಬಾತುಗಳೂ ಗದ್ದೆಗೊರವಗಳೂ ಆಹಾರ ಅರಸಿ ದಕ್ಷಿಣ ಭಾರತಕ್ಕೆ ಬರುತ್ತವೆ. ಹಿಂಗಾರು ಮಳೆಗೆ ತುಂಬಿದ ಕೆರೆಗಳು ಅವುಗಳಿಗೆ ಆಸರೆ.

ಈ ಸೀಮೆಯ ಹಕ್ಕಿಗಳ ವ್ಯವಸ್ಥಿತ ದಾಖಲೆಗೆ ಬುನಾದಿ ಹಾಕಿದ್ದು ಪೂರ್ವ ಘಟ್ಟಗಳ ವರ್ನೆ ಸಮೀಕ್ಷೆ. ಅದರ ತಂಡ ಶೇವರಾಯ್ ಬೆಟ್ಟಗಳಲ್ಲಿ ಹಕ್ಕಿಗಳನ್ನು ಸಂಗ್ರಹಿಸಿತು. ಪಕ್ಷಿತಜ್ಞರಾದ ವಿಸ್ಲರ್ ಮತ್ತು ಕಿನ್ನಿಯರ್ 1930ರ ದಶಕದಲ್ಲಿ ಆ ಸಮೀಕ್ಷೆಯ ವರದಿ ಬರೆದರು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಾಗ, ಈ ಸೀಮೆಯ ಕೆರೆಗಳ ಜೊತೆಗೆ ಕಾವೇರಿಯ ಮೇಲೆ ವಿಶಾಲ ಜಲಾಶಯವೂ ರೂಪುಗೊಂಡಿತು.

1987ರಲ್ಲಿ ಆರಂಭವಾದ ಏಷ್ಯಾ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ವರ್ನೆ ಸಮೀಕ್ಷೆಯ ಕಾಲದಲ್ಲಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುತ್ತಿದ್ದ ಬಂದೂಕಿನ ಜಾಗಕ್ಕೆ ಇಂದು ದುರ್ಬೀನು ಬಂದಿದೆ. ಕೆರೆಗಳು ಉಳಿದರೆ ಮಾತ್ರ ಈ ಎಣಿಕೆಗೆ ಅರ್ಥ.