ಚಗಳಿ ಚಟ್ನಿಯ ಚರಿತ್ರೆ

ಮರದ ಮೇಲೆ ಹಸಿರೆಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಗೆ ಮಲೆನಾಡಿನಲ್ಲಿ ಚಗಳಿ ಎಂಬ ಹೆಸರಿದೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ ಅದು ಕಾಯ್. ಕೆಲಸಗಾರ ಇರುವೆಗಳು ಸಾಲುಗಟ್ಟಿ ಎಲೆಗಳ ಅಂಚನ್ನು ಎಳೆದು ಹಿಡಿದರೆ, ಉಳಿದವು ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅವು ಬಿಡುವ ರೇಷ್ಮೆಯೆಳೆಯಿಂದ ಅಂಚುಗಳನ್ನು ಬೆಸೆಯುತ್ತವೆ.

ಈ ಇರುವೆಯ ಕಾವಲಿನ ಗುಣ ಬಹಳ ಹಿಂದೆಯೇ ಬರಹಕ್ಕೆ ಸೇರಿತ್ತು. ಕ್ರಿ.ಶ. 304ರದೆಂದು ಹೇಳಲಾಗುವ ಚೀನೀ ಸಸ್ಯಗ್ರಂಥವೊಂದರ ಪ್ರಕಾರ, ದಕ್ಷಿಣ ಚೀನಾದ ಸಂತೆಗಳಲ್ಲಿ ಇರುವೆಗೂಡುಗಳು ಮಾರಾಟವಾಗುತ್ತಿದ್ದವು. ಕಿತ್ತಳೆ ಬೆಳೆಯುವವರು ಅವನ್ನು ಕೊಂಡು ಕೀಟಬಾಧೆ ತಡೆಯಲು ಮರಗಳಲ್ಲಿ ಇಡುತ್ತಿದ್ದರು. ಈ ಇರುವೆಯನ್ನು ತಿನ್ನುವ ಅರಿವು ಮಾತ್ರ ಕಾಡಿನ ಜನರ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿ ಬಂತು.

ಸಿಮ್ಲಿಪಾಲ್ ಕಾಡಿನ ಸುತ್ತಲಿನ ಸಂತಾಲ, ಹೋ, ಮುಂಡಾ ಮೊದಲಾದ ಸಮುದಾಯಗಳು ಗೂಡುಗಳನ್ನು ನಸುಕಿನಲ್ಲೇ ಇಳಿಸುತ್ತವೆ. ಗೂಡನ್ನು ನೀರಿನ ಬಕೆಟ್ಟಿಗೆ ಹಾಕಿ ಎಲೆ-ಕಡ್ಡಿ ಬೇರ್ಪಡಿಸಿ, ಇರುವೆ ಮತ್ತು ಮೊಟ್ಟೆಗಳನ್ನು ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ, ಉಪ್ಪಿನೊಂದಿಗೆ ಒರಳಲ್ಲಿ ಅರೆಯುತ್ತಾರೆ. ಹುಣಸೆ ಬೇಕಿಲ್ಲ, ಇರುವೆಯ ಫಾರ್ಮಿಕ್ ಆಮ್ಲವೇ ಹುಳಿ. ಛತ್ತೀಸ್‌ಗಢದ ಬಸ್ತರ್‌ನಲ್ಲಿ ಇದು ಚಾಪ್ಡಾ ಎಂಬ ಹೆಸರಿನಲ್ಲಿ ಸಂತೆಗೆ ಬರುತ್ತದೆ. ಮಲೆನಾಡಿನಲ್ಲಿ ಗೂಡನ್ನು ಬಿಸಿ ಪಾತ್ರೆಗೆ ಕೊಡವಿ, ಇರುವೆಗಳನ್ನು ಹುರಿದು, ಜೀರಿಗೆಮೆಣಸು ಹಾಕಿ ಅರೆದು ಅಕ್ಕಿರೊಟ್ಟಿಯ ಜೊತೆ ತಿನ್ನುವುದುಂಟು.

ಇದನ್ನು ಹಸಿವಿಗೆ ಅಂಜಿ ತಿಂದ ತಿನಿಸೆಂದು ತಳ್ಳಿಹಾಕುವುದು ಅನ್ಯಾಯ. ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ, ಮಾರಿ ಮನೆ ನಡೆಸುವ ಹೆಂಗಸರಿದ್ದಾರೆ. ಬೇಳೆ-ಮಾಂಸ ಅಪರೂಪವಾದ ಊಟಕ್ಕೆ ಇದು ಪ್ರೋಟೀನ್, ಕಬ್ಬಿಣ, ಸತುವನ್ನು ಸೇರಿಸುತ್ತದೆ. ಹಾಗೆಂದು ಇದು ಔಷಧಿಯಲ್ಲ: ಕೋವಿಡ್‌ಗೆ ಈ ಚಟ್ನಿಯನ್ನು ಮದ್ದಾಗಿ ಬಳಸಲು ನಿರ್ದೇಶನ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಲಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರ ವರದಿಯಲ್ಲಿ, ಸುಮಾರು 200 ಕೋಟಿ ಜನರ ರೂಢಿಯ ಆಹಾರದಲ್ಲಿ ಕೀಟಗಳಿವೆ ಎಂದು ಅಂದಾಜಿಸಿ, ಆಹಾರ ಭದ್ರತೆಯ ಚರ್ಚೆಗೆ ಅವನ್ನು ತಂದಿತು. ಮಯೂರ್‌ಭಂಜ್‌ನ ಕಾಯ್ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಬೇಡಿಕೆ ಏರಿದರೆ ಭಾರ ಬೀಳುವುದು ಗೂಡುಗಳ ಮೇಲೆ. ಒಂದೇ ವಸಾಹತಿನ ಗೂಡುಗಳು ಹಲವು ಮರಗಳಲ್ಲಿ ಹರಡಿದ್ದರೂ ರಾಣಿ ಇರುವುದು ಒಂದರಲ್ಲಿ. ಆ ಗೂಡನ್ನು ಬಿಟ್ಟು ಉಳಿದವನ್ನು ಮಿತಿಯಲ್ಲಿ ಇಳಿಸಿದರೆ ಇರುವೆಗಳು ಮತ್ತೆ ಎಲೆ ಹೊಲಿಯುತ್ತವೆ. ರಾಣಿಯೂ ಬಕೆಟ್ಟಿಗೆ ಬಿದ್ದರೆ ವಸಾಹತು ಕ್ರಮೇಣ ಅಳಿಯುತ್ತದೆ.