ಕ್ರೀಡಾ ವಾಹಿನಿಗಳು: ಉಚಿತ ಪ್ರಸಾರದಿಂದ ಚಂದಾದವರೆಗೆ

ಮನೆಯ ಮೇಲೆ ಆಂಟೆನಾ ಇದ್ದವರೆಲ್ಲ ಕಾಸಿಲ್ಲದೆ ನೋಡುತ್ತಿದ್ದ ಆಟದ ನೇರ ಪ್ರಸಾರ, ಚಂದಾ ಕಟ್ಟಿದವರಿಗಷ್ಟೇ ಸಿಗುವಂತಾದ ಬೆಳವಣಿಗೆ. ಭಾರತದಲ್ಲಿ ಇದು 1993ರ ಹೀರೋ ಕಪ್ ಪ್ರಸಾರದ ವಿವಾದದಿಂದ ಮೊದಲಾಗಿ ಮೂರು ದಶಕಗಳಲ್ಲಿ ನಡೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯಂಥ ಊರುಗಳಲ್ಲಿ ಆಟ ನೋಡುವವರ ಪಾಡನ್ನು ದೂರದ ನ್ಯಾಯಾಲಯಗಳ ತೀರ್ಪುಗಳೇ ಮತ್ತೆ ಮತ್ತೆ ಬದಲಿಸಿದವು.

ಈ ಊರುಗಳಿರುವ ವಿಜಾಪುರ ಜಿಲ್ಲೆಗೂ ಉಪಗ್ರಹ ದೂರದರ್ಶನಕ್ಕೂ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದ ಮೂಲಕ ಕಾರ್ಯಕ್ರಮಗಳು ಬಂದವು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಎಂದರೆ ಇಲ್ಲಿನ ಹಳ್ಳಿಗರು ರಾಜಧಾನಿಯವರಿಗಿಂತ ಮೊದಲೇ ಟಿ.ವಿ. ಮುಂದೆ ಕೂತಿದ್ದರು. ಅದರಲ್ಲಿ ಬರುತ್ತಿದ್ದುದು ಬೇಸಾಯ, ಆರೋಗ್ಯ, ಶಾಲಾ ಪಾಠ. ಪೆಟ್ಟಿಗೆ ಊರಿಗೆಲ್ಲ ಒಂದೇ, ನೋಡಲು ಯಾರೂ ದುಡ್ಡು ಕೊಡಬೇಕಿರಲಿಲ್ಲ.

ಆಟ ಮನೆಮನೆಗೆ ಬಂದದ್ದು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬಣ್ಣದ ಪ್ರಸಾರದೊಂದಿಗೆ. ಮರುವರ್ಷ ಜೂನ್ 25ರಂದು ಲಾರ್ಡ್ಸ್‌ನ ವಿಶ್ವಕಪ್ ಫೈನಲ್ ನೇರವಾಗಿ ಬಂತು. ಆ ಟೂರ್ನಿಯಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಅಜೇಯ 175 ಹೊಡೆದಾಗ ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿ ಜೊತೆಗೆ ನಿಂತವರು ಸೈಯದ್ ಕಿರ್ಮಾನಿ. ಆದರೆ ಅಂದು ಮೈದಾನದಲ್ಲಿ ಬಿಬಿಸಿಯ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಆ ಜೊತೆಯಾಟ ಇಂದಿಗೂ ಯಾರ ಕಣ್ಣಿಗೂ ಸಿಗುವುದಿಲ್ಲ. ಕ್ಯಾಮೆರಾ ಇಟ್ಟವನ ಕೈಯಲ್ಲೇ ಆಟದ ನೆನಪೂ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

1990ರ ದಶಕದ ಆರಂಭದವರೆಗೂ ಪಂದ್ಯ ತೋರಿಸಲು ತಗಲುವ ವೆಚ್ಚವೆಂದು ದೂರದರ್ಶನವೇ ಕ್ರಿಕೆಟ್ ಮಂಡಳಿಯಿಂದ ಹಣ ಕೇಳುತ್ತಿತ್ತು. 1993ರ ಹೀರೋ ಕಪ್ ಈ ಲೆಕ್ಕವನ್ನು ತಿರುಗುಮುರುಗು ಮಾಡಿತು. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿ ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್‌ಗೆ ಕೊಟ್ಟಿತು, ಸರ್ಕಾರ ತಡೆಯಿತು, ಜಗಳ ಸುಪ್ರೀಂ ಕೋರ್ಟ್ ಮುಟ್ಟಿತು. ಅದೇ ಕಪ್ಪಿನ ಫೈನಲ್‌ನಲ್ಲಿ, ನವೆಂಬರ್ 27ರಂದು, ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಉರುಳಿಸಿದರು. ಪ್ರಸಾರದ ಜಗಳದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1995ರ ಫೆಬ್ರುವರಿ 9ರ ತೀರ್ಪು ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದಿತು. ಸಾರ್ವಜನಿಕರ ಹೆಸರಿನಲ್ಲಿ ತೆರೆದ ಆ ಬಾಗಿಲಲ್ಲಿ ಮೊದಲು ಒಳನುಗ್ಗಿದ್ದು ಪೇ ಚಾನೆಲ್‌ಗಳು.

ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್, 2002ರಲ್ಲಿ ಟೆನ್ ಸ್ಪೋರ್ಟ್ಸ್, 2006ರಲ್ಲಿ ನಿಯೋ ಸ್ಪೋರ್ಟ್ಸ್ ಬಂದವು. ಕೇಬಲ್‌ನವರು ಎಲ್ಲಕ್ಕೂ ಸೇರಿಸಿ ತಿಂಗಳಿಗೊಂದು ಮೊತ್ತ ವಸೂಲಿ ಮಾಡುತ್ತಿದ್ದುದರಿಂದ ಆಟಕ್ಕೆ ಎಷ್ಟು ಕೊಡುತ್ತಿದ್ದೇವೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸರ್ಕಾರದ ಡಿಡಿ ಸ್ಪೋರ್ಟ್ಸ್ ಕೂಡ ಕೆಲಕಾಲ ಪಾವತಿ ವಾಹಿನಿಯಾಗಿದ್ದು, 2003ರಲ್ಲಿ ಮತ್ತೆ ಉಚಿತವಾಯಿತು.

ಭಾರತ ತಂಡದ 2004ರ ಪಾಕಿಸ್ತಾನ ಪ್ರವಾಸದ ಪ್ರಸಾರ ಹಕ್ಕು ಟೆನ್ ಸ್ಪೋರ್ಟ್ಸ್‌ನದಾಗಿತ್ತು. ಕೇಬಲ್ ಇಲ್ಲದವರ ಗತಿಯೇನು ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, ದೂರದರ್ಶನಕ್ಕೂ ಚಿತ್ರ ಕೊಡಬೇಕೆಂದು ಆದೇಶವಾಯಿತು. 2007ರ ಜನವರಿಯಲ್ಲಿ ನಾಗಪುರದ ಏಕದಿನ ಪಂದ್ಯ ದೂರದರ್ಶನದಲ್ಲಿ ನೇರವಾಗಿ ಬರಲಿಲ್ಲ. ಆಗ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಪಂದ್ಯಗಳ ಸಂಕೇತವನ್ನು ಖಾಸಗಿ ವಾಹಿನಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು, ಟಿ.ವಿ. ಜಾಹೀರಾತಿನ ಆದಾಯದಲ್ಲಿ 75 ಪಾಲು ವಾಹಿನಿಗೆ, 25 ಪಾಲು ಪ್ರಸಾರ ಭಾರತಿಗೆ. ಬಡವರ ಮನೆಯ ಆಟವನ್ನು ಉಳಿಸಿದ ಕಾನೂನು ಇದು.

ಮುಂದಿನ ತೀರ್ಪು ಅದರ ಅಂಚು ಕತ್ತರಿಸಿತು. ಹಂಚಿಕೊಂಡ ಚಿತ್ರವನ್ನು ದೂರದರ್ಶನವು ತನ್ನ ಭೂ ಪ್ರಸಾರ ಹಾಗೂ ತನ್ನದೇ ಡಿಟಿಎಚ್‌ನಲ್ಲಿ ಮಾತ್ರ ತೋರಿಸಬೇಕು, ಕೇಬಲ್‌ಗೆ ಹರಿಸಬಾರದು ಎಂದು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಕೇಬಲ್ ಇರುವ ಮನೆಯಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೂ ಆ ಪಂದ್ಯ ಸಿಗುವುದಿಲ್ಲ. ಇನ್ನೊಂದೆಡೆ ಪ್ರಸಾರ ಭಾರತಿ 2022ರ ಹೊತ್ತಿಗೆ ತನ್ನ ಬಹುಪಾಲು ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿತು. ನ್ಯಾಯಾಲಯ ತೋರಿಸಿದ್ದ ಎರಡು ದಾರಿಗಳಲ್ಲಿ ಒಂದು ಹೀಗೆ ಸದ್ದಿಲ್ಲದೆ ಇಲ್ಲವಾಯಿತು.

2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ನಿಯಮ ಜಾರಿಗೆ ಬಂದು ಬೆಲೆ ಬಯಲಾಯಿತು: ಆಗ ಮೊದಲ 100 ವಾಹಿನಿಗಳಿಗೆ ತೆರಿಗೆ ಬಿಟ್ಟು 130 ರೂಪಾಯಿ, ಸ್ಟಾರ್ ಸ್ಪೋರ್ಟ್ಸ್ 1 ಬೇಕಾದರೆ ಮೇಲೆ 19 ರೂಪಾಯಿ. ಚಂದಾದ ಯುಗ ಕನ್ನಡಕ್ಕೆ ಒಂದು ಒಳಿತನ್ನೂ ಮಾಡಿತೆಂದು ಒಪ್ಪಬೇಕು. ಕನ್ನಡದ ಪ್ರತ್ಯೇಕ ಕ್ರೀಡಾ ವಾಹಿನಿ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಬಂದದ್ದು ಪಾವತಿ ವಾಹಿನಿಯಾಗಿಯೇ. ವಿಜಯ್ ಭಾರದ್ವಾಜ್ ಅವರಂಥ ಮಾಜಿ ಆಟಗಾರರ ವಿವರಣೆ ನಮ್ಮ ಭಾಷೆಯಲ್ಲಿ ಕಿವಿಗೆ ಬಿತ್ತು. ಈ ಕೆಲಸವನ್ನು ಸಾರ್ವಜನಿಕ ಪ್ರಸಾರ ಸಂಸ್ಥೆ ಎಂದೋ ಮಾಡಬೇಕಿತ್ತು.

ಆಮೇಲೆ ಆಟ ಮೊಬೈಲಿಗೆ ಬಂತು. 2023ರಲ್ಲಿ ಜಿಯೋ ಸಿನಿಮಾ ಐಪಿಎಲ್ಲನ್ನು ಉಚಿತವಾಗಿ ತೋರಿಸಿತು. 2025ರ ಫೆಬ್ರುವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋ ಹಾಟ್‌ಸ್ಟಾರ್ ಆದಮೇಲೆ ಕೆಲವೇ ನಿಮಿಷ ಉಚಿತ, ಬಳಿಕ ಚಂದಾ. ಆಗ ಮೊಬೈಲಿಗೆ ಮೂರು ತಿಂಗಳಿಗೆ 149 ರೂಪಾಯಿ ಇತ್ತು. ರಾಯಲ್ ಚಾಲೆಂಜರ್ಸ್ ಬೆಂಗಳೂರು 18ನೇ ವರ್ಷಕ್ಕೆ ಕಪ್ ಗೆದ್ದದ್ದು ಅದೇ ವರ್ಷದ ಜೂನ್ 3ರಂದು. ಐಪಿಎಲ್ ಕಡ್ಡಾಯ ಹಂಚಿಕೆಯ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿರುವ ಭಾರತದ ಪಂದ್ಯಗಳನ್ನು ಟಿ.ವಿ.ಯಲ್ಲಿ ಚಂದಾ ಇಲ್ಲದೆ ನೋಡಲು ಗೊಳಸಂಗಿಯಂಥ ಊರಿಗೆ ಉಳಿದಿರುವ ಕಾಯಂ ದಾರಿ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ಡಿಶ್ ಮತ್ತು ಪೆಟ್ಟಿಗೆ ಒಮ್ಮೆ ಕೊಂಡರೆ ಸಾಕು, ತಿಂಗಳ ಬಾಡಿಗೆ ಇಲ್ಲ.