ನಡುವಯಸ್ಸಿನ ದೇಹದ ಲೆಕ್ಕ: ಗಡಿನಾಡಿನವರಿಗೊಂದು ಕೈಪಿಡಿ

ಕಾಸರಗೋಡು: ನಮ್ಮ ಊರಿನ ಯಾವ ಅಡಿಕೆ ಬೆಳೆಗಾರರಲ್ಲಿಯೂ ಇವತ್ತಿನ ಕ್ಯಾಂಪ್ಕೊ ಧಾರಣೆ ಎಷ್ಟೆಂದು ಕೇಳಿ ನೋಡಿ. ಹೊಸತಕ್ಕೆಷ್ಟು, ಹಳತಕ್ಕೆಷ್ಟು, ಕಳೆದ ವಾರಕ್ಕಿಂತ ಎಷ್ಟು ಇಳಿಯಿತು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅವರಲ್ಲಿಯೇ "ನಿಮ್ಮ ಬಿಪಿ ಎಷ್ಟು?" ಎಂದು ಕೇಳಿದರೆ ಉತ್ತರ ಒಂದೇ: "ಎಂತ ಇಲ್ಲ, ಸರಿ ಉಂಟು." ಸರಿ ಉಂಟೆಂದು ಗೊತ್ತಾದದ್ದು ಹೇಗೆ? ಅಳೆದು ನೋಡಿದ್ದರಿಂದಲ್ಲ, ನೋವಿಲ್ಲದ್ದರಿಂದ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಶುರುವಿನ ವರ್ಷಗಳಲ್ಲಿ ನೋವೇ ಇರುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ರಕ್ತದೊತ್ತಡ. ಸಕ್ಕರೆ ಕಾಯಿಲೆಯಲ್ಲಿ ರಾಜ್ಯವಾರು ನೋಡಿದರೆ ಗೋವಾ, ಪುದುಚೇರಿಗಳ ಬೆನ್ನಿಗೇ ನಮ್ಮ ಕೇರಳ: ಶೇ. 25.5. ಎಂದರೆ ನಾಲ್ವರು ವಯಸ್ಕರಲ್ಲಿ ಒಬ್ಬರು.

"ನಾವು ತೋಟದಲ್ಲಿ ಮೈಮುರಿದು ದುಡಿಯುವವರು, ನಮಗೆ ಬೇರೆ ವ್ಯಾಯಾಮ ಯಾಕೆ?" ಎನ್ನುವವರಿದ್ದಾರೆ. ದುಡಿಮೆ ಹೃದಯವನ್ನು ಕಾಯುತ್ತದೆ ಎಂಬುದು ಸುಳ್ಳಲ್ಲ. 1953ರಲ್ಲಿ ಜೆರ್ರಿ ಮೋರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಭ್ಯಾಸ ಮಾಡಿ ತೋರಿಸಿದ್ದು ಇದನ್ನೇ. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಆದರೆ ನಮ್ಮಲ್ಲಿ ಈಗ ಮೆಟ್ಟಿಲು ಹತ್ತುವವರು ಯಾರು? ನೀರಿಗೆ ಮೋಟಾರು, ಸ್ಪ್ರಿಂಕ್ಲರ್. ಹುಲ್ಲಿಗೆ ಯಂತ್ರ. ಅಡಿಕೆ ಕೊಯ್ಲಿಗೂ ಮದ್ದು ಬಿಡುವುದಕ್ಕೂ ಕಾರ್ಬನ್ ಫೈಬರ್ ದೋಟಿ. ಅಂಗಡಿಗೆ ಹೋಗಲು ಸ್ಕೂಟರು. ಐವತ್ತು ದಾಟಿದ ಹೆಚ್ಚಿನವರು ಈಗ ಕೆಲಸ ಮಾಡುವವರಲ್ಲ, ಮಾಡಿಸುವವರು. ಅಜ್ಜನ ಹೊಟ್ಟೆಬಾಕತನ ಮಾತ್ರ ಉಳಿದಿದೆ, ಅಜ್ಜನ ಬೆವರು ಉಳಿದಿಲ್ಲ.

ಈ ಲೇಖಕ ವೈದ್ಯನಲ್ಲ. ವೈದ್ಯರ ಬಳಿ ಹೋಗುವ ಮುನ್ನ ಮತ್ತು ಹೋಗಿ ಬಂದ ಮೇಲೆ ಮನೆಯಲ್ಲಿ ಇಡಬಹುದಾದ ಲೆಕ್ಕದ ಬಗ್ಗೆಯಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಕ್ತದೊತ್ತಡ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ರೋಗ. ಒಂದೇ ಸಲದ ಅಂಕಿಗೆ ಹೆದರಬೇಕಾಗಿಲ್ಲ, ಒಂದೇ ಸಲದ ಒಳ್ಳೆಯ ಅಂಕಿಯನ್ನು ನಂಬಲೂ ಬಾರದು. ಬಸ್ಸಿಳಿದು ಗುಡ್ಡೆ ಹತ್ತಿ ಬಂದು ಕೂಡಲೇ ಕೈಚಾಚಿದರೆ ಯಂತ್ರ ಹೆಚ್ಚೇ ತೋರಿಸುತ್ತದೆ. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕುಳಿತುಕೊಳ್ಳಿ, ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತು ಬೇಡ. ಅರ್ಧ ಗಂಟೆ ಹಿಂದಿನಿಂದಲೇ ಚಹಾ, ಕಾಫಿ, ಬೀಡಿ ಬಿಡಬೇಕು. ಎರಡು ಸಲ ಅಳೆದು ಎರಡನ್ನೂ ಬರೆದಿಡಿ.

ಸಕ್ಕರೆಯದ್ದು ಖಾಲಿ ಹೊಟ್ಟೆಯ ಲೆಕ್ಕ. 100ರ ಒಳಗಿದ್ದರೆ ಸಮಾಧಾನ. 100ರಿಂದ 125ರ ನಡುವೆ ಎಂದರೆ ಹೊಸ್ತಿಲಲ್ಲಿದ್ದೀರಿ. 126 ಮತ್ತು ಅದಕ್ಕಿಂತ ಹೆಚ್ಚು ಎಂದು ಎರಡನೆಯ ಪರೀಕ್ಷೆಯಲ್ಲೂ ಬಂದರೆ ಸಕ್ಕರೆ ಕಾಯಿಲೆ. ಪರೀಕ್ಷೆಯ ಹಿಂದಿನ ನಾಲ್ಕು ದಿನ ಮಾತ್ರ ಪಥ್ಯ ಮಾಡಿ ಒಳ್ಳೆಯ ಅಂಕಿ ತೆಗೆಯುವ ಬುದ್ಧಿವಂತರು ನಮ್ಮಲ್ಲಿ ಕಡಿಮೆಯಿಲ್ಲ! ಅವರಿಗಾಗಿಯೇ ಇರುವುದು ಎಚ್‌ಬಿಎ1ಸಿ ಎಂಬ ಪರೀಕ್ಷೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಕಾಯಿಲೆ.

ಮೂರನೆಯದು ಸೊಂಟದ ಸುತ್ತಳತೆ. ಇದಕ್ಕೆ ಟೈಲರನ ಟೇಪು ಸಾಕು. ಮುಂಡು ಕಟ್ಟುವ ಜಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೊಟ್ಟೆ ಬಂದವರು ಮುಂಡನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಪಕ್ಕೆಲುಬಿನ ಕೆಳತುದಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದು. ತೂಕದ ಮಿತಿಯೂ ನಮ್ಮವರಿಗೆ ಐರೋಪ್ಯರಿಗಿಂತ ಬಿಗಿ: 165 ಸೆಂಟಿಮೀಟರು ಎತ್ತರದವರು 62-63 ಕಿಲೋ ದಾಟಿದರೆ ಹೆಚ್ಚು ತೂಕ, 68 ದಾಟಿದರೆ ಬೊಜ್ಜು.

ಅಂಕಿಗಳ ಮಾತು ಸಾಕು. ಮೈಯ ಕಸುವನ್ನು ನೋಡಲು ನಮ್ಮ ಊರಿನಲ್ಲಿ ಜಿಮ್ಮೇ ಬೇಕೆಂದಿಲ್ಲ. ನಮ್ಮಲ್ಲಿ ಅನೇಕರ ಮನೆ ತಗ್ಗಿನಲ್ಲಿ, ಬಸ್ಸು ಬರುವ ರಸ್ತೆ ಗುಡ್ಡೆಯ ಮೇಲೆ. ಆ ಏರನ್ನು ಪಕ್ಕದವರೊಂದಿಗೆ ಮಾತಾಡುತ್ತಾ ಹತ್ತಲು ಆಗುತ್ತದೆಯೇ? ಹೋದ ವರ್ಷ ಒಂದೇ ಉಸಿರಿಗೆ ಹತ್ತಿದ್ದಲ್ಲಿ ಈ ವರ್ಷ ಎರಡು ಕಡೆ ನಿಲ್ಲಬೇಕಾಯಿತೇ? ಹತ್ತುವಾಗ ಎದೆ ಬಿಗಿದು, ನಿಂತಾಗ ಸಡಿಲವಾಗುತ್ತದೆ ಎಂದಾದರೆ ಅದನ್ನು "ಗ್ಯಾಸ್" ಎಂದು ತಳ್ಳಿಹಾಕದೆ ಅದೇ ವಾರ ವೈದ್ಯರಿಗೆ ಹೇಳಬೇಕು. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು ಇನ್ನೊಂದು ಪರೀಕ್ಷೆ. 30 ಸೆಕೆಂಡಿನಲ್ಲಿ ಅರುವತ್ತರ ಆಸುಪಾಸಿನ ಗಂಡಸು 14 ಸಲ, ಹೆಂಗಸು 12 ಸಲ ಏಳಬೇಕು. ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲುವುದು ಮತ್ತೊಂದು. ಬ್ರೆಜಿಲ್ ದೇಶದಲ್ಲಿ 51ರಿಂದ 75 ವರ್ಷದ 1,702 ಮಂದಿಯ ಮೇಲೆ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೀಗೆ ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಗೋಡೆಯ ಪಕ್ಕದಲ್ಲಿಯೇ ನಿಂತು ಮಾಡಿ, ಬಿದ್ದರೆ ಲೆಕ್ಕ ಬೇರೆಯಾದೀತು.

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಸುಮಾರು ಇಪ್ಪತ್ತೆರಡು ನಿಮಿಷ. ಸೊಸೈಟಿಗೆ ಹಾಲು ಕೊಡಲು ನಡೆದೇ ಹೋಗುವವರಿಗೆ ಅರ್ಧ ಲೆಕ್ಕ ಅಲ್ಲೇ ಮುಗಿಯಿತು.

ಊಟದ ವಿಷಯದಲ್ಲಿ ಉಪದೇಶ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಆದರೂ ಉಪ್ಪಿನ ಬಗ್ಗೆ ಹೇಳಲೇಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಎಲ್ಲ ಸೇರಿ ಒಂದು ಚಹಾ ಚಮಚದಷ್ಟು. ನಮ್ಮ ಅಡುಗೆಮನೆಯ ಭರಣಿಗಳನ್ನು ನೆನಪಿಸಿಕೊಳ್ಳಿ: ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಮಾವಿನ ಮಿಡಿ, ಬಾಳಕದ ಮೆಣಸು, ಹಪ್ಪಳ. ಮೀನು ತಿನ್ನುವ ಮನೆಗಳಲ್ಲಿ ಮಳೆಗಾಲಕ್ಕೆ ಒಣಮೀನು. ಗಂಜಿಗೆ ಉಪ್ಪು ಹಾಕದಿದ್ದರೂ ನೆಂಚಿಕೊಳ್ಳುವುದರಲ್ಲೇ ದಿನದ ಪಾಲು ಮುಗಿದಿರುತ್ತದೆ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಮೇಲು ಎಂಬುದು ನಿಜವೇ. ಹಾಗೆಂದು ಮೂರು ಹೊತ್ತೂ ಬಟ್ಟಲು ತುಂಬ ಉಂಡರೆ ಆ ಮೇಲ್ಮೆ ಉಳಿಯುವುದಿಲ್ಲ.

ಅಡಿಕೆಯ ಮಾತು ಎತ್ತಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಅನ್ನ ಕೊಡುವ ಬೆಳೆ, ಸಿಟ್ಟು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಧೀನದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನು ಸಹ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು ದಾಖಲೆಯ ಮಾತು. ಬೆಳೆಗಾರರ ಸಂಘಟನೆಗಳು ಒಪ್ಪಲಿಲ್ಲ, ವಾದ ಇನ್ನೂ ನಡೆಯುತ್ತಿದೆ. ವಾದ ಮುಗಿಯುವವರೆಗೆ ಕಾಯದೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳುವುದಕ್ಕೆ ಖರ್ಚಿಲ್ಲ. ಬಾಯೊಳಗೆ ಮೂರು ಬೆರಳು ನಿಲ್ಲಿಸಿ ಹಿಡಿಯುತ್ತದೆಯೇ? ಬಿಳಿ ಅಥವಾ ಕೆಂಪು ಕಲೆ ಇದೆಯೇ? ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ? ಇದ್ದರೆ ದಂತವೈದ್ಯರಿಗೆ ತೋರಿಸಿ. ಎಲೆಯಡಿಕೆ ಹಾಕುವ ಅಜ್ಜಿಯಂದಿರಿಗೂ ಇದು ಅನ್ವಯ.

ಬೆನ್ನುನೋವು, ಗಂಟುನೋವಿಗೆ ಮೆಡಿಕಲ್ಲಿನಿಂದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರ ಮೂತ್ರಪಿಂಡಕ್ಕೆ ಅಪಾಯವಿದೆ. ಬಿಪಿ, ಶುಗರ್ ಇದ್ದವರಿಗೆ ಅದು ಇಮ್ಮಡಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ತೋಟಕ್ಕಿಳಿಯುವುದನ್ನು ಬಿಡಬೇಕು. ಕಾಲು ಮರಗಟ್ಟಿರುವಾಗ ಮುಳ್ಳು ಚುಚ್ಚಿದ್ದೇ ತಿಳಿಯದೆ ಬೆರಳು ಕಳಕೊಂಡವರಿದ್ದಾರೆ. ಅವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಒಳಪದರದ ಪರೀಕ್ಷೆಯೂ ಆಗಬೇಕು.

ಮನೆಯ ಹೆಂಗಸರ ಲೆಕ್ಕ ಯಾವಾಗಲೂ ಕೊನೆಗೇ ಬರುತ್ತದೆ. ಗಂಡನನ್ನು ಆಸ್ಪತ್ರೆಗೆ ಕರಕೊಂಡು ಹೋದ ಅಕ್ಕ ಅಲ್ಲಿಯೇ ತನ್ನ ಬಿಪಿಯನ್ನೂ ನೋಡಿಸಿಕೊಂಡು ಬಂದರೆ ಎಷ್ಟೋ ಆಯಿತು. 30 ದಾಟಿದ ಎಲ್ಲ ಮಹಿಳೆಯರಿಗೆ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲಿಯೇ ಇದೆ. ನಾಚಿಕೆಯಿಂದ ಹೋಗದವರೇ ಹೆಚ್ಚು.

ಇನ್ನು, ಎಲ್ಲಿಗೆ ಹೋಗುವುದು? 2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಂತಹಂತವಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಜೀವನಶೈಲಿ ರೋಗಗಳ ಕ್ಲಿನಿಕ್ ಯಾವ ದಿನ ಎಂದು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರಿಂದ "ಶೈಲಿ" ಆ್ಯಪ್ ಹಿಡಿದು 30 ದಾಟಿದವರ ಮನೆಮನೆಗೆ ಬರುತ್ತಿರುವವರೂ ಅವರೇ. ಸೊಂಟದ ಅಳತೆ, ಬೀಡಿ, ಕುಡಿತ, ನಡಿಗೆ, ಮನೆತನದ ರೋಗ ಇತ್ಯಾದಿ ಕೇಳಿ ಅಂಕ ಹಾಕುತ್ತಾರೆ. 4ಕ್ಕಿಂತ ಹೆಚ್ಚು ಅಂಕ ಬಂದವರು ಪರೀಕ್ಷೆಗೆ ಹೋಗಲೇಬೇಕು. "ರೇಷನ್ ಕಾರ್ಡು ಕಟ್ ಮಾಡಲು ಬಂದಿದ್ದಾರೆ" ಎಂದು ಹೆದರಿ ಕುಡಿತದ ಪ್ರಶ್ನೆಗೆ ಸುಳ್ಳು ಹೇಳಿದರೆ ನಷ್ಟ ಹೇಳಿದವರಿಗೇ. ಗಡಿಯಾಚೆಯ ಓದುಗರಿಗೆ: ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ "ಗೃಹ ಆರೋಗ್ಯ" ಯೋಜನೆಯೂ ಇಂಥದ್ದೇ.

ಭಾಷೆಯ ತೊಡಕು ಬೇರೆ ಇದೆ. ಎರಡೂ ಭಾಷೆ ಬರುತ್ತದೆ ಎನ್ನುವವರೂ ಮೈಯ ಮಾತು ಬಂದಾಗ ಎಡವುತ್ತಾರೆ. ಮಲಯಾಳದ "ಕರಳ್" ನಮ್ಮ ಕರುಳಲ್ಲ, ಅದು ಲಿವರ್. ನಮ್ಮ ಕರುಳಿಗೆ ಅವರು "ಕುಡಲ್" ಎನ್ನುತ್ತಾರೆ. ಕುಡಿತದ ಚಟದವರಿಗೆ "ಕರಳ್ ಪೋಯಿ" ಎಂದರೆ ಹೊಟ್ಟೆನೋವೆಂದು ತಿಳಿದು ಸುಮ್ಮನಿದ್ದರೆ ಹೇಗೆ? "ಪ್ರಮೇಹಂ" ಎಂದರೆ ಸಕ್ಕರೆ ಕಾಯಿಲೆ, "ರಕ್ತಸಮ್ಮರ್ದಂ" ಬಿಪಿ, "ವೃಕ್ಕ" ಮೂತ್ರಪಿಂಡ, "ಅರ್ಬುದಂ" ಕ್ಯಾನ್ಸರ್. ಸಂಶಯ ಬಂದರೆ ಬೆರಳಿಟ್ಟು ತೋರಿಸಿ ಕೇಳಿ, ಮರ್ಯಾದೆಗೇನೂ ಕುಂದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಲೆಕ್ಕ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುವುದು. ಜ್ವರಕ್ಕೆ ಕುಂಬಳೆ, ಬದಿಯಡ್ಕ. ಎದೆನೋವಿಗೆ ಮಂಗಳೂರು, ದೇರಳಕಟ್ಟೆ. ಅಲ್ಲಿಯ ಫೈಲು ಅಲ್ಲಿ, ಇಲ್ಲಿಯ ಒಪಿ ಚೀಟಿ ಇಲ್ಲಿ. ಒಂದೇ ಮದ್ದನ್ನು ಎರಡು ಕಂಪೆನಿಯ ಹೆಸರಿನಲ್ಲಿ ಎರಡು ಕಡೆ ಬರೆಸಿಕೊಂಡು ದಿನಕ್ಕೆ ಎರಡು ಪಾಲು ನುಂಗುವುದೂ ಉಂಟು. 2020ರ ಮಾರ್ಚ್ ಕೊನೆಗೆ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಏನಾಯಿತೆಂದು ನಾವು ಮರೆತಿಲ್ಲ. ತಲಪಾಡಿ ದಾಟಲಾಗದೆ, ಮಂಗಳೂರಿನ ಚಿಕಿತ್ಸೆ ಸಿಗದೆ ಹಲವರು ಸತ್ತರೆಂದು ಪತ್ರಿಕೆಗಳು ಬರೆದವು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜು ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಆ ವರ್ಷದ ಏಪ್ರಿಲಿನಲ್ಲಿ. ಎಂಬಿಬಿಎಸ್ ತರಗತಿಗೆ ಅನುಮತಿ ಸಿಗಲು 2025 ಬರಬೇಕಾಯಿತು. ದೊಡ್ಡ ರೋಗಕ್ಕೆ ಮಂಗಳೂರು ತಪ್ಪುವಂತಿಲ್ಲ, ಸರಿ. ಬಿಪಿ, ಶುಗರಿನ ಮಾಸಿಕ ಲೆಕ್ಕವಾದರೂ ಗಡಿಯ ಈಚೆ, ನಡೆದು ಹೋಗುವಷ್ಟು ದೂರದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಒಂದು 200 ಪುಟದ ನೋಟ್ ಪುಸ್ತಕ ಸಾಕು. ಮೊದಲ ಪುಟದಲ್ಲಿ ಹೆಸರು, ರಕ್ತದ ಗುಂಪು, ಅಲರ್ಜಿ, ತಂದೆತಾಯಿಗಿದ್ದ ರೋಗ, ಆದ ಆಪರೇಶನ್. ಆಮೇಲೆ ತಾರೀಕು ಹಾಕಿ ಅಂಕಿಗಳು, ಮದ್ದಿನ ಮೂಲ ಹೆಸರು. ಎಣ್ಮಕಜೆ ಮೊದಲಾದ ಕಡೆಯವರು ಇನ್ನೊಂದು ಸಾಲು ಸೇರಿಸಬೇಕು: ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದಲ್ಲಿ, ಎಂದರೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ನೀವು ಎಲ್ಲಿದ್ದಿರಿ ಎಂದು. ಅಂದು ಶಾಲೆಗೆ ಹೋಗುತ್ತಿದ್ದವರಿಗೆ ಈಗ ನಡುವಯಸ್ಸು. ಹೊಸ ವೈದ್ಯರಿಗೆ ಇದು ತಾನಾಗಿ ತಿಳಿಯುವುದಿಲ್ಲ. ವಿಮೆಯ ಕಾರ್ಡು ಇದ್ದವರು ಗಡಿಯಾಚೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಸೇರುವ ಮೊದಲೇ ವಿಚಾರಿಸಿ ಅದನ್ನೂ ಬರೆದಿಡಲಿ. ಮುಖ ಓರೆಯಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಎಷ್ಟು ಗಂಟೆಗೆ ಶುರುವಾಯಿತೆಂದು ಮನೆಯವರು ಅದರಲ್ಲೇ ಗುರುತು ಹಾಕಲಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ, 108ಕ್ಕೆ ಕರೆ ಮಾಡಲು ಅಳಿಯ ಬರುವವರೆಗೆ ಕಾಯಬಾರದು.

ಈ ಲೆಕ್ಕ ತೆರೆಯಲು ದಿನ ಯಾವುದಾದರೇನು? ಆದರೂ ನಮ್ಮಲ್ಲಿ ಮೈಗೆಂದೇ ಮೀಸಲಾದ ತಿಂಗಳೊಂದಿದೆ: ತುಳುವರ ಆಟಿ, ಮಲಯಾಳಿಗಳ ಕರ್ಕಟಕ. ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ, ಬಳಿಕ ಮೆಂತೆ ಗಂಜಿ, ಮದ್ದಿನ ಗಂಜಿ. ಆ ವಾರವೇ ಆರೋಗ್ಯ ಕೇಂದ್ರಕ್ಕೂ ಹೋಗಿ ಬಂದರೆ ನೆನಪಿಡುವುದು ಸುಲಭ. ಕಷಾಯದಿಂದಾಗಿ ಬಿಪಿಯ ಮಾತ್ರೆ ನಿಲ್ಲಿಸಬೇಡಿ. ಮತ್ತು ತೊಗಟೆಯನ್ನು ಮರ ಗುರುತಿಸಲು ಬಲ್ಲವರಿಂದಲೇ ತರಿಸಿ. ನಸುಕಿನ ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ಕೆತ್ತಿ ತಂದರೆ ಅದು ಸ್ಟ್ರಿಕ್ನೈನ್ ಎಂಬ ವಿಷ, ಪ್ರಾಣಕ್ಕೇ ಎರವು. ತುಳುವಿನಲ್ಲಿ ಕಾಯೆರ್ ಎನ್ನುವ ಆ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತೆಂದು ಹೇಳುವವರೂ ಇದ್ದಾರೆ, ನಮ್ಮ ಗುಡ್ಡೆಗಳಲ್ಲಿ ಅದಕ್ಕೇನೂ ಬರವಿಲ್ಲ.